ಮಾನ್ವಿಯ ಕಡಲು

ನಮ್ಮ ಮನೆಯವರು ನನ್ನನ್ನು ಡಾಕ್ಟರ್ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ನಾನು ಪೂಜೆ ಮುಗಿಸಿ ಏಳುವಷ್ಟರಲ್ಲಿ. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಓದಿದ್ದೆಲ್ಲ ಪುರಾಣ, ಪಂಚಾಂಗ ಮತ್ತು ಕಿರಾಣಿ ಸಾಮಾನು ಕಟ್ಟಿಕೊಟ್ಟ ಪೇಪರು. ಅಂಥವಳ ಮೊಬೈಲಿಗೆ "ಮಾನ್ಯ ಡಾ. ಮಲ್ಲೇಶ್ವರಿಯವರೇ" ಎಂದು ಪತ್ರ ಬಂದರೆ ಎದೆ ಹಾರದೆ ಇರುತ್ತದೆಯೇ?

"ಏನ್ರೀ, ಯಾರೋ ನನಗ ಡಾಕ್ಟರ್ ಅಂದಾರ!"

"ನಾನೇ ಹಂಗಂತ ಬರದು ಕೊಟ್ಟೀನಿ. ಕೂಗಬ್ಯಾಡ, ಬಾಜೂ ಮನಿ ಸತ್ತಾರ್ ಸಾಬ್ರು ಬಿಪಿ ತೋರಸಾಕ ಬಂದಾರು."

ನಮ್ಮ ಮನೆಯವರು, ಪಂಪಾಪತಿ, ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಬಡ್ತಿ ಸಿಗಬೇಕಾದರೆ ಒಂದು ಸಂಶೋಧನಾ ಲೇಖನ ಅಚ್ಚಾಗಿರಬೇಕು. ಅದಕ್ಕೆ 'ವಿಶ್ವ ಸಮಸ್ತ ಶಾಸ್ತ್ರ ಸಂಶೋಧನಾ ಮಾಸಿಕ' ಎಂಬ ಪತ್ರಿಕೆ ಹಿಡಿದಿದ್ದರು. (ಸಮಸ್ತ ಎಂದರೆ ಸಮಸ್ತವೇ. ಗ್ರಹಣದಿಂದ ಹಿಡಿದು ಮೇಕೆಯ ಕೆಮ್ಮಿನವರೆಗೆ ಏನು ಕಳಿಸಿದರೂ ಹಾಕುತ್ತಾರೆ, ಜೊತೆಗೆ ದುಡ್ಡು ಕಳಿಸಿದರೆ ಸಾಕು.) ಲೇಖನ ಪರೀಕ್ಷಿಸುವ ತಜ್ಞರನ್ನೂ ಬರೆದವರೇ ಹುಡುಕಿ ಕೊಡಬೇಕಂತೆ. ಇವರು ಬಹಳ ದೂರ ಹುಡುಕಲಿಲ್ಲ, ಅಡುಗೆಮನೆಯವರೆಗೆ ಬಂದರು.

ಲೇಖನದ ಹೆಸರು 'ಮಾನ್ವಿ ತಾಲೂಕಿನ ಕೌದಿಗಳು: ಒಂದು ಸಮಗ್ರ ಅಧ್ಯಯನ'.

"ನೀ ಹಳೇ ಸೀರಿ ಕೂಡಿಸಿ ಕೌದಿ ಹೊಲ್ಯಾಕಿ. ಮಾನ್ವಿ ತಾಲೂಕಿನ ಕುರ್ಡಿ ನಿನ್ನ ತವರಮನಿ. ನಿನಗಿಂತ ತಜ್ಞರು ಯಾರದಾರ? 'ಅತ್ಯುತ್ತಮ' ಅಂತ ಅದ ನೋಡು, ಅದನ್ನ ಒತ್ತಿಬಿಡು."

ಒತ್ತುತ್ತಿದ್ದೆನೋ ಏನೋ. ಆದರೆ ಅದರ ಮೇಲೆಯೇ "ಲೇಖನವನ್ನು ಪೂರ್ತಿ ಓದಿದ್ದೇನೆಂದು ಪ್ರಾಮಾಣಿಕವಾಗಿ ಘೋಷಿಸುತ್ತೇನೆ" ಎಂದಿತ್ತು.

"ಈಗರೆ ದೇವರಿಗೆ ದೀಪ ಹಚ್ಚೀನಿ. ಇದೇ ಕೈಲೆ ಸುಳ್ಳು ಒತ್ತೂದು ಹ್ಯಾಂಗ್ರಿ? ನೀವು ಓದ್ರಿ, ನಾ ಕೇಳ್ತೀನಿ."

ಕೇಳುವುದೊಂದು ನನಗೆ ಬರುವ ವಿದ್ಯೆ. ಶ್ರಾವಣದ ಪುರಾಣದಲ್ಲಿ ಓಣಿಯೆಲ್ಲ ತೂಕಡಿಸಿದರೂ ನಾನು ಕಣ್ಣು ಮುಚ್ಚಿದವಳಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತೆ. ಇವರು ಗಂಟಲು ಸರಿಮಾಡಿಕೊಂಡರು.

"ಮಾನ್ವಿಯ ಕಡಲ ತೀರದ ತಂಪು ಗಾಳಿಯಲ್ಲಿ ಕುಳಿತು ಮಹಿಳೆಯರು ಕೌದಿ ನೇಯುವಾಗ..."

"ಎಲ್ಲೀದ್ರಿ?"

"ಏನು?"

"ಕಡಲು."

ಇವರು ಕನ್ನಡಕ ತೆಗೆದು ಒರೆಸಿದರು. (ನಮ್ಮ ಕಡೆ ತಂಪು ಗಾಳಿ ಎಂದರೆ ಕೂಲರಿಗೆ ನೀರು ಹಾಕಿದ ಮೇಲೆ ಬರುವುದು.)

"ಅದು... ಕರಾವಳಿ ಕಡೀದೊಂದು ಲೇಖನ ಇತ್ತು. ಊರ ಹೆಸರೆಲ್ಲ ತಿದ್ದೀನಿ. ಕಡಲೊಂದು ಉಳದದ."

"ಕುರ್ಡಿಯ ಮಹಿಳೆಯರನ್ನು ಸಂದರ್ಶಿಸಿ ಅಂತನೂ ಬರದೀರಿ. ಯಾವಾಗ?"

"ನಿನ್ನ ತಮ್ಮನ ಮದಿವಿಗೆ ಬಂದಿದ್ದೆನಲ್ಲ!"

"ಬಂದವರು ಉಂಡು ಮಕ್ಕೊಂಡಿದ್ರಿ. ಸಂದರ್ಶನ ಆಗಿದ್ದು ದಿಂಬಿನ ಜೋಡಿ."

ಹಾಗಂದೆನಾದರೂ ಪಾಪ ಅನ್ನಿಸಿತು. ಇವರಿಗಿಂತ ಚಿಕ್ಕವರೆಲ್ಲ ಬಡ್ತಿ ಪಡೆದು ಮೇಲೆ ಹೋಗಿದ್ದಾರೆ. ಆದರೂ ಇವರ ಎದುರಿಗೇ ಪತ್ರಿಕೆಗೆ ಹೀಗೆ ಬರೆದು ಕಳಿಸಿದೆ: "ಮಾನ್ವಿಯಲ್ಲಿ ಕಡಲಿಲ್ಲ. ಕೌದಿಯನ್ನು ನೇಯುವುದಿಲ್ಲ, ಹೊಲಿಯುತ್ತಾರೆ. ಲೇಖಕರು ಒಳ್ಳೆಯವರು. ಕುರ್ಡಿಗೆ ಹೋಗಿ ಕೂತು ಕೇಳಿಕೊಂಡು ಬಂದರೆ ಚೆನ್ನಾಗಿ ಬರೆದಾರು. ಅಲ್ಲಿಯವರೆಗೆ ಅಚ್ಚು ಹಾಕಬೇಡಿ."

ಮರುದಿನ ನಾನು ಸಾರಿಗೆ ಉಪ್ಪು ಹಾಕುವುದನ್ನು ಮರೆತರೂ ಇವರು ಸೊಲ್ಲೆತ್ತಲಿಲ್ಲ, ಅಷ್ಟು ಕೋಪ. ಆದರೆ ಗುರುವಾರ ತಾವಾಗಿಯೇ, "ನಿಮ್ಮ ದೊಡ್ಡವ್ವಗ ಫೋನ್ ಮಾಡು. ಐತವಾರ ಬರ್ತೀನಿ ಅಂತ ಹೇಳು," ಎಂದರು.

ಮದುವೆಯಾದಂದಿನಿಂದ ಇವರು ನಮ್ಮ ಕಡೆಯವರ ಮಾತನ್ನು ಕೂತು ಕೇಳಿದ್ದಿಲ್ಲ. ನಾನು ದೇವರ ಮುಂದೆ ಊದುಬತ್ತಿಯ ಇಡೀ ಕಟ್ಟನ್ನೇ ಹಚ್ಚಿದೆ.

ಕುರ್ಡಿಯ ಮುದುಕಮ್ಮ ದೊಡ್ಡವ್ವನಿಗೂ ಅಷ್ಟೇ ಸಂಭ್ರಮ. "ಅಳಿಯಂದ್ರು ನನ್ನ ಕೌದಿ ನೋಡಾಕ ಬರ್ತಾರಾ? ಹಂಗಾರ ಕಡೀ ಮೂಲಿ ಹೊಲ್ಯಾಂಗಿಲ್ಲವ್ವ, ಅವರ ಮುಂದೇ ಹೊಟ್ಟಿ ತುಂಬಸ್ತೀನಿ." ಕೊನೆಯ ಮೂಲೆ ಮುಚ್ಚುವ ಮೊದಲು ಅವಳು ಒಂದು ಚೂರು ರೊಟ್ಟಿ ಒಳಗಿಡುತ್ತಾಳೆ. ಹಸಿದ ಕೌದಿಯನ್ನು ಯಾರಿಗೂ ಹೊದೆಯಲು ಕೊಡಬಾರದು ಎನ್ನುತ್ತಾಳೆ. ಸಮಗ್ರ ಅಧ್ಯಯನದಲ್ಲಿ ಈ ಮಾತು ಇರಲಿಲ್ಲ.

ಶನಿವಾರ ಚೀಲ ತುಂಬುತ್ತಿದ್ದಾಗ ಮೊಬೈಲು ಕುಂಯ್ ಎಂದಿತು. "ಮಾನ್ಯ ಡಾ. ಮಲ್ಲೇಶ್ವರಿಯವರೇ, ತಮ್ಮ ಹೃತ್ಪೂರ್ವಕ ಮೆಚ್ಚುಗೆಗೆ ಕೃತಜ್ಞತೆಗಳು. ಲೇಖನ ಪ್ರಕಟವಾಗಿದೆ."

ನಾನು ಬರೆದದ್ದನ್ನು ಯಾರೂ ಓದಿರಲಿಲ್ಲ. ಇವರು ಬರೆದದ್ದನ್ನೂ. ಮಾನ್ವಿಯಲ್ಲಿ ಕಡಲು ಮೊರೆಯುತ್ತಲೇ ಇತ್ತು.

"ಹಂಗಾರ ಇನ್ನ ಹೋಗೂದು ಬ್ಯಾಡಲ್ಲ," ಎಂದು ಇವರು ನನ್ನ ಮುಖ ನೋಡದೆ ಚೀಲದಿಂದ ಲುಂಗಿ ಹೊರತೆಗೆದರು.

ಐತವಾರ ನಾನೊಬ್ಬಳೇ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು, ಅಂಗೈಯಲ್ಲಿ ರೊಟ್ಟಿ ಚೂರು ಹಿಡಿದು ಕೂತಿದ್ದಳು. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದಳು.

"ಅಳಿಯಂದ್ರು?"

"ಮೈಯಾಗ ಅರಾಮಿಲ್ಲ, ದೊಡ್ಡವ್ವ. ಅವರು ಬರದದ್ದು ಅಚ್ಚಾಗ್ಯಾದ, ಮೊಬೈಲಿನಾಗ ತಂದೀನಿ."

"ಅಯ್ಯ, ಪಾಪ." ರೊಟ್ಟಿ ಚೂರನ್ನು ಕೋಳಿಗೆ ಎಸೆದು, ಸೂಜಿಯನ್ನು ಆ ಮೂಲೆಯಲ್ಲೇ ಚುಚ್ಚಿಟ್ಟಳು. "ಅರಾಮ ಆಗಿ ಬರ್ಲಿ. ಅಲ್ಲೀತನ ಮೂಲಿ ತೆರದೇ ಇರ್ಲಿ. ಅಚ್ಚಾಗ್ಯಾದಂತಲ್ಲ, ಅದನ್ನರೆ ಓದವ್ವ."

ಕಡಲನ್ನು ಹಾರಿಸಿ ಓದಬೇಕೆಂದೇ ಅಂದುಕೊಂಡಿದ್ದೆ. ಎಂದೂ ಅಕ್ಷರ ನುಂಗಿ ಓದಿ ಗೊತ್ತಿಲ್ಲದ ನಾಲಿಗೆ ಕಡಲನ್ನೂ ಓದಿಬಿಟ್ಟಿತು.

"ಎಲ್ಲೀದು, ಮಲ್ಲವ್ವ?"

"ಏನು?"

"ಕಡಲು."

ನಾನು ಕನ್ನಡಕ ತೆಗೆದು ಒರೆಸಿದೆ. "ನಮ್ಮ ಕೆರಿಗೆ ಪುಸ್ತಕದಾಗ ಹಂಗ ಅಂತಾರ, ದೊಡ್ಡವ್ವ."

"ಓದಿದವರು ಅಂದ ಮ್ಯಾಲ ಇರಬೇಕು ಬಿಡು. ಅಳಿಯಂದ್ರು ಚಲೋ ಬರದಾರೇನು?"

ಬೆಳಿಗ್ಗೆ ದೀಪ ಹಚ್ಚಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನಾನೆಂದೆ:

"ಅತ್ಯುತ್ತಮ."