ಬ್ಯಾಟರಿ ವಿಮಾನಕ್ಕೆ ನಾಲ್ಕು ತಾಲ್ಲೂಕು

ಭಾಷಣಕ್ಕೆ ಕರೆದರೆ ಒಲ್ಲೆ ಎನ್ನುವ ಗುಣ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುವಾಗ ಹುಡುಗರು ಕಿಟಕಿಯ ಹೊರಗೆ ನೋಡುತ್ತಿದ್ದರು. ನಿವೃತ್ತನಾದ ಮೇಲೆ ನಾನು ಬಾಯಿ ತೆಗೆದರೆ ನನ್ನ ಹೆಂಡತಿ ಗಿರಿಜಾ ಟಿವಿಯ ಸದ್ದು ಹೆಚ್ಚಿಸುತ್ತಾಳೆ. ಹೀಗಿರುವಾಗ ಯಾರಾದರೂ ಮೈಕು ಕೊಟ್ಟು, ಎದುರಿಗೆ ಜನರನ್ನೂ ಕೂರಿಸಿಕೊಡುತ್ತೇವೆ ಎಂದರೆ, ವಿಷಯ ಯಾವುದು ಎಂದು ವಿಚಾರಿಸುವುದೇ ಒಂದು ಬಗೆಯ ಕೊಬ್ಬು ಎನಿಸುತ್ತದೆ ನನಗೆ. ಆದ್ದರಿಂದ ರುದ್ರೇಶಪ್ಪನವರು ಚನ್ನಗಿರಿಯ ನಮ್ಮ ಮನೆಗೆ ಬಂದು, "ಮೇಷ್ಟ್ರೆ, ಭಾನುವಾರ ಹೊನ್ನಾಳ್ಯಾಗೆ ಮೀಟಿಂಗ್ ಐತೆ, ನೀವು ಮಾತಾಡಬೇಕು ನೋಡ್ರಿ" ಎಂದಾಗ ಮೊದಲು ಆಯಿತು ಎಂದೆ. ಯಾವುದರ ಬಗ್ಗೆ ಎಂದು ಕೇಳಿದ್ದು ಆಮೇಲೆ.

"ಬ್ಯಾಟರಿ ವಿಮಾನದ ಬಗ್ಗೆ" ಎಂದರು ಅವರು.

ರುದ್ರೇಶಪ್ಪನವರು ನನ್ನ ಷಡ್ಡಕರು, ಅಂದರೆ ಗಿರಿಜಾಳ ತಂಗಿಯ ಗಂಡ. ವೃತ್ತಿಯಿಂದ ಅಡಿಕೆ ವ್ಯಾಪಾರಿ, ಪ್ರವೃತ್ತಿಯಿಂದ ಹೋರಾಟ ಸಮಿತಿಗಳ ಅಧ್ಯಕ್ಷ. ಬೈಪಾಸ್ ರಸ್ತೆ ಬೇಕು ಎಂದು ಒಂದು ಸಮಿತಿ ಮಾಡಿದ್ದರು. ಆ ರಸ್ತೆ ತಮ್ಮ ಗೋದಾಮಿನ ಮೇಲೆಯೇ ಹಾದುಹೋಗುತ್ತದೆ ಎಂದು ತಿಳಿದಾಗ ಬೈಪಾಸ್ ಬೇಡ ಎಂದು ಇನ್ನೊಂದು ಮಾಡಿದರು. ಎರಡೂ ಈಗಲೂ ಚಾಲ್ತಿಯಲ್ಲಿವೆ. ಈಚೆಗೆ ಫೋನಿನಲ್ಲಿ ಅವರು ಒಂದು ವಿಡಿಯೊ ನೋಡಿದ್ದರು. ಯಾವುದೋ ದೇಶದಲ್ಲಿ ಒಂದು ಪುಟ್ಟ ವಿಮಾನ ಹೊಗೆಯಿಲ್ಲದೆ, ಹೆಚ್ಚು ಸದ್ದಿಲ್ಲದೆ ಬರೀ ಬ್ಯಾಟರಿಯ ಮೇಲೆ ಹಾರಿತಂತೆ. ಮುಂದೆ ಇಂಥವು ಸಣ್ಣ ಊರಿನಿಂದ ಸಣ್ಣ ಊರಿಗೆ ಜನರನ್ನು ಹೊತ್ತು ತಿರುಗುತ್ತವೆ ಎಂದು ಅದರಲ್ಲಿ ಹೇಳಿದ್ದರಂತೆ.

"ಸಣ್ಣ ಊರು ಅಂದ್ರೆ ನಾವೇ ಅಲ್ವೇನ್ರಿ? ಮೊದಲು ಕೇಳಿದೋರಿಗೆ ಮೊದಲು" ಎಂದು ರುದ್ರೇಶಪ್ಪನವರು ಹೊಸ ಸಮಿತಿ ಕಟ್ಟಿಯೇಬಿಟ್ಟಿದ್ದರು.

ಭಾನುವಾರ ತಮ್ಮ ಹೊಸ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊನ್ನಾಳಿಗೆ ಹೊರಟರು. ಬ್ಯಾಟರಿ ವಿಮಾನದ ಸಭೆಗೆ ಪೆಟ್ರೋಲ್ ಗಾಡಿಯಲ್ಲಿ ಹೋದರೆ ಜನ ಏನಂದಾರು ಎಂಬುದು ಅವರ ವಾದ. ನಾವಿಬ್ಬರೂ ತೂಕದಲ್ಲಿ ಕಡಿಮೆಯವರಲ್ಲ. ಹೊನ್ನಾಳಿ ಇನ್ನೂ ದೂರವಿರುವಾಗಲೇ ಒಂದು ಏರಿನಲ್ಲಿ ಸ್ಕೂಟರ್ ಮೆಲ್ಲಗಾಗಿ, ಆಲೋಚಿಸಿ, ನಿಂತಿತು. ಇಳಿದು ತಳ್ಳತೊಡಗಿದೆವು. ಸ್ವಲ್ಪ ದೂರ ಹೋದ ಮೇಲೆ ರುದ್ರೇಶಪ್ಪನವರು ಏದುಸಿರು ಬಿಡುತ್ತ ಕೇಳಿದರು: "ಅಲ್ರಿ ಮೇಷ್ಟ್ರೆ, ಚಾರ್ಜೆಲ್ಲ ಖಾಲಿ ಆಗೈತೆ. ಮತ್ತೆ ಇದು ಇಷ್ಟು ಭಾರ ಹೆಂಗೆ?"

ಅಷ್ಟು ವರ್ಷ ಪಾಠ ಮಾಡಿದ್ದರೂ ಇಂಥ ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಸಂತೋಷದಿಂದ ವಿವರಿಸಿದೆ. ಎಣ್ಣೆ ಉರಿದಂತೆಲ್ಲ ಮಾಮೂಲಿ ವಿಮಾನ ಹಗುರಾಗುತ್ತ ಹೋಗುತ್ತದೆ. ಬ್ಯಾಟರಿ ಹಾಗಲ್ಲ, ತುಂಬಿದ್ದರೂ ಅಷ್ಟೇ ಭಾರ, ಬರಿದಾದರೂ ಅಷ್ಟೇ ಭಾರ. ಹತ್ತುವಾಗ ಹೊತ್ತಿದ್ದನ್ನು ಇಳಿಯುವಾಗಲೂ ಹೊತ್ತೇ ಇಳಿಯಬೇಕು. ಸಾಲದ್ದಕ್ಕೆ ಅಷ್ಟೇ ತೂಕದ ಎಣ್ಣೆಯಲ್ಲಿರುವ ಶಕ್ತಿಯ ಸಣ್ಣದೊಂದು ಪಾಲು ಮಾತ್ರ ಬ್ಯಾಟರಿಯಲ್ಲಿರುತ್ತದೆ. ದೊಡ್ಡ ವಿಮಾನಗಳಿಗೆ ಬ್ಯಾಟರಿ ಒಗ್ಗದಿರುವುದು ಇದರಿಂದಲೇ.

ರುದ್ರೇಶಪ್ಪನವರು ತಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಇದನ್ನ ಸಭ್ಯಾಗೆ ಹೇಳಬ್ಯಾಡ್ರಿ" ಎಂದರು. ಅಷ್ಟರಲ್ಲಿ ಒಂದು ಟ್ರಾಕ್ಟರ್ ಬಂತು. ಸ್ಕೂಟರನ್ನು ಟ್ರೇಲರಿಗೆ ಹಾಕಿ, ಅದರ ಪಕ್ಕದಲ್ಲಿ ನಾವೂ ಕೂತು, ಡೀಸೆಲ್ ಹೊಗೆ ಕುಡಿಯುತ್ತ ಸಭೆಗೆ ಹೋದೆವು.

ಕಲ್ಯಾಣ ಮಂಟಪದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮುಖಂಡರು ನಾಲ್ಕು ಗುಂಪಾಗಿ ಕೂತಿದ್ದರು. ನಿಲ್ದಾಣ ಯಾವ ತಾಲ್ಲೂಕಿಗೆ ಎಂಬುದು ತೀರ್ಮಾನವಾಗಿರಲಿಲ್ಲ, ಆದ್ದರಿಂದ ಯಾರೂ ಯಾರಿಗೂ ನಮಸ್ಕಾರ ಹೇಳುತ್ತಿರಲಿಲ್ಲ. ನಾನು ಮೈಕಿನ ಮುಂದೆ ನಿಂತು ಮೊದಲು ಸಾಧ್ಯತೆಗಳನ್ನು ಹೇಳಿದೆ: ಹೊಗೆಯಿಲ್ಲ, ಗದ್ದಲ ಕಡಿಮೆ, ರಿಪೇರಿ ಕಡಿಮೆ, ಚಿಕ್ಕ ರನ್‌ವೇ ಸಾಕು. ಒಂದೊಂದಕ್ಕೂ ಚಪ್ಪಾಳೆ. ಆಮೇಲೆ "ಆದರೆ" ಎಂದೆ. ರುದ್ರೇಶಪ್ಪನವರು ಎದ್ದು ಬಂದು ಕಿವಿಯಲ್ಲಿ, "ಸವಾಲುಗಳನ್ನ ಊಟ ಆದ ಮ್ಯಾಲೆ ಇಟ್ಕಳ್ಳಾಣ" ಎಂದರು. ನಾನು ಕೇಳಲಿಲ್ಲ. ನಿವೃತ್ತನಾದರೂ ಮೇಷ್ಟ್ರು ಮೇಷ್ಟ್ರೇ. ಸತ್ಯ ಹೇಳಿಯೇ ಇಳಿಯಬೇಕೆಂದು, "ಈ ವಿಮಾನ ಒಂದು ಸಲ ಚಾರ್ಜ್ ಮಾಡಿದರೆ ಹೆಚ್ಚು ದೂರ ಹೋಗುವುದಿಲ್ಲ. ಪದೇ ಪದೇ ಇಳಿದು ಚಾರ್ಜ್ ಮಾಡಿಕೊಳ್ಳಬೇಕಾಗುತ್ತದೆ" ಎಂದು ಗಟ್ಟಿಯಾಗಿ ಹೇಳಿದೆ.

ಸಭೆ ಸಪ್ಪಗಾಗುತ್ತದೆ ಎಂದುಕೊಂಡಿದ್ದೆ. ನ್ಯಾಮತಿಯ ಗೊಬ್ಬರದ ಅಂಗಡಿಯ ಹಾಲೇಶಪ್ಪನವರು ಎದ್ದು ನಿಂತು ಒಬ್ಬರೇ ಚಪ್ಪಾಳೆ ತಟ್ಟಿದರು. "ಹಂಗಾದ್ರೆ ಎಲ್ಲಾ ತಾಲ್ಲೂಕಿಗೂ ಒಂದೊಂದು ನಿಲ್ದಾಣ ಬೇಕೇ ಬೇಕಾತಲ್ರಿ" ಎಂದರು. ಸಭೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ನಾಲ್ಕು ಗುಂಪೂ ಒಂದಾಗಿ ನಕ್ಕು, ಒಬ್ಬರಿಗೊಬ್ಬರು ನಮಸ್ಕಾರ ಮಾಡಿದರು.

ಹೊನ್ನಾಳಿಯ ಒಬ್ಬರು ಮಾತ್ರ, ನ್ಯಾಮತಿ ತೀರಾ ಹತ್ತಿರ, ಸೀಟಿನ ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಬಿಚ್ಚಬೇಕಾಗುತ್ತದೆ ಎಂದರು. ಹಾಲೇಶಪ್ಪನವರಿಗೆ ಸಿಟ್ಟು ಬಂತು. "ಹೊನ್ನಾಳಿಯಿಂದ ಒಡೆದು ಬ್ಯಾರೆ ತಾಲ್ಲೂಕು ಆದ ಮ್ಯಾಲೂ ವಿಮಾನ ಹತ್ತಾಕೆ ಹೊನ್ನಾಳಿಗೇ ಬರಬೇಕೇನು? ನಮ್ಮ ತಾಲ್ಲೂಕಿನ ಸೂರಗೊಂಡನಕೊಪ್ಪದ ಜಾತ್ರೆಗೆ ಬರೋ ಭಕ್ತರು ಎಲ್ಲಿ ಇಳೀಬೇಕು, ಹೇಳ್ರಿ" ಎಂದು ಕೇಳಿದರು. ಜಗಳೂರಿನವರು ತಮ್ಮ ಕಡೆ ಬಿಸಿಲು ಗಾಳಿ ಎರಡೂ ಧಾರಾಳವಾಗಿವೆ, ಚಾರ್ಜಿಗೆ ಯಾರ ಹಂಗೂ ಬೇಡ ಎಂದರು. ಉಳಿದ ಕಡೆ ಹೇಗೆ ಎಂಬ ಪ್ರಶ್ನೆ ಎದ್ದಿತು. ತ್ರೀ ಫೇಸ್ ಕರೆಂಟ್ ಬರುವ ಹೊತ್ತನ್ನು ಲೈನ್‌ಮನ್‌ನಿಂದ ತಿಳಿದುಕೊಂಡು ಆಗಲೇ ವಿಮಾನ ಇಳಿಸುವುದೆಂದೂ, ಆ ಹೊತ್ತಿನಲ್ಲಿ ರೈತರು ಪಂಪ್‌ಸೆಟ್ ಹಾಕದೆ ಸಹಕರಿಸುವುದೆಂದೂ ನಿರ್ಣಯವಾಯಿತು.

ನನ್ನ ಸವಾಲುಗಳೆಲ್ಲ ಹೀಗೆ ಒಂದೊಂದಾಗಿ ವರವಾಗುತ್ತಿರುವುದು ಕಂಡು ಕೊನೆಯ ಅಸ್ತ್ರ ತೆಗೆದೆ. ಇಳಿಯಬೇಕಾದ ಕಡೆ ಇಳಿಯಲಾಗದಿದ್ದರೆ ಇನ್ನೊಂದು ಜಾಗಕ್ಕೆ ಹಾರುವಷ್ಟು ಶಕ್ತಿಯನ್ನು ವಿಮಾನ ಯಾವಾಗಲೂ ಉಳಿಸಿಕೊಂಡಿರಬೇಕು, ಇರುವ ಅಲ್ಪ ಚಾರ್ಜಿನಲ್ಲಿ ಇದಕ್ಕೂ ಪಾಲು ಹೋಗುತ್ತದೆ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. "ಉದಾಹರಣೆಗೆ, ಚನ್ನಗಿರಿಯಲ್ಲಿ ಇಳಿಯಲಾಗದಿದ್ದರೆ ಕತ್ತಲಗೆರೆಯಲ್ಲಿ ಇಳಿಯಬಹುದು" ಎಂದುಬಿಟ್ಟೆ.

"ಕತ್ತಲಗೆರೆ ನಿಮ್ಮ ಹುಟ್ಟೂರಲ್ವೇನ್ರಿ?" ಎಂದರು ರುದ್ರೇಶಪ್ಪನವರು.

"ವಿಜ್ಞಾನಕ್ಕೆ ಊರುಕೇರಿ ಇಲ್ಲ" ಎಂದೆ. ಕತ್ತಲಗೆರೆಯೂ ನಿರ್ಣಯಕ್ಕೆ ಸೇರಿತು. ನನಗೆ ಶಾಲು ಹೊದಿಸಿದರು. ಊಟವಾದ ಮೇಲೆ ಸವಾಲುಗಳ ನೆನಪು ಯಾರಿಗೂ ಆಗಲಿಲ್ಲ, ನನಗೂ ಆಗಲಿಲ್ಲ.

ಮನೆಯಲ್ಲಿ ಗಿರಿಜಾ ಎಲ್ಲ ಕೇಳಿಸಿಕೊಂಡು, "ನಮ್ಮ ಬಿಳಿಚೋಡಿಗೆ?" ಎಂದಳು. ಬಿಳಿಚೋಡು ಅವಳ ತವರು. ಅಸಲಿಗೆ ಇಲ್ಲಿಗೆ ಈ ವಿಮಾನ ಬರುವುದೇ ಸದ್ಯಕ್ಕೆ ಕನಸು, ಬ್ಯಾಟರಿಯ ಭಾರ ಎಂಬುದೊಂದಿದೆ ಎಂದು ಶುರು ಮಾಡಿದೆ.

"ಕತ್ತಲಗೆರೆ ಸೇರಿಸೋವಾಗ ಆ ಭಾರ ಎಲ್ಲಿ ಹೋಗಿತ್ತು?" ಎಂದು ಅವಳು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳ ಸದ್ದು ಮಾಮೂಲಿಗಿಂತ ಜೋರಾಗಿ ಕೇಳಿಸತೊಡಗಿತು.

ಬೆಳಿಗ್ಗೆ ಎದ್ದವನೇ ರುದ್ರೇಶಪ್ಪನವರಿಗೆ ಫೋನ್ ಮಾಡಿ ಬಿಳಿಚೋಡಿನ ವಿಷಯ ಎತ್ತಿದೆ.

"ಅದನ್ನ ಆಗಲೇ ಸೇರಿಸೀವ್ರಿ. ನಮ್ಮನೆಯಾಕೆದೂ ಅದೇ ತವರು ಅಲ್ವೇ?" ಎಂದರು. ಹಾಗೆಯೇ, "ಕತ್ತಲಗೆರೆನ ಮಾತ್ರ ಬಿಟ್ಟೀವಿ, ಬ್ಯಾಸರ ಮಾಡ್ಕಬ್ಯಾಡ್ರಿ. ಹಿಂಗೆ ಕಂಡಕಂಡಲ್ಲಿ ನಿಲ್ಲಿಸಿದ್ರೆ ಅದು ವಿಮಾನ ಹೆಂಗಾಗತೈತೆ?" ಎಂದರು.

ನನ್ನ ಮೈ ಉರಿಯಿತು. ಆ ವಿಮಾನ ಹಾರುತ್ತದೋ ಇಲ್ಲವೋ ಎಂಬುದು ಅಲ್ಲಿಗೆ ಗೌಣವಾಯಿತು. ಹಾರಿಯೇಬಿಟ್ಟು, ಕತ್ತಲಗೆರೆಯಲ್ಲಿ ಇಳಿಯದೆ ಅದರ ನೆತ್ತಿಯ ಮೇಲೇ ಹಾದುಹೋದರೆ ಗತಿಯೇನು? ಮುಂದಿನ ವಾರ ಕತ್ತಲಗೆರೆಯ ಶಾಲೆಯ ಅಂಗಳದಲ್ಲಿ ಪ್ರತ್ಯೇಕ ಹೋರಾಟ ಸಮಿತಿಯ ಉದ್ಘಾಟನೆ ಇಟ್ಟುಕೊಂಡಿದ್ದೇವೆ. ಅಧ್ಯಕ್ಷ ನಾನೇ. ಭಾಷಣಕ್ಕೆ ಯಾರಾದರೂ ಭೌತಶಾಸ್ತ್ರದ ಮೇಷ್ಟ್ರನ್ನು ಕರೆಸೋಣ ಎಂದು ಊರಿನವರು ಹೇಳಿದರು. ಖಂಡಿತ ಬೇಡ ಎಂದೆ. ಅವರು ಬಂದರೆ ಸವಾಲುಗಳ ಬಗ್ಗೆ ಮಾತಾಡುತ್ತಾರೆ.