ಪಟ್ಟಂನಲ್ಲಿ ಕಮಾನಿಗೆ ಕಾಗದ ಮಾಡಿಸಿದ್ದು

ನಾನು ಎಡಪ್ಪಳ್ಳಿಯಲ್ಲಿ ಪಿಟೀಲಿನ ಕಮಾನು ರಿಪೇರಿ ಮಾಡುವವ. ನಗುವ ಮನಸ್ಸಿಲ್ಲದಾಗಲೇ ನಗಿಸುವಂಥವು ನಡೆಯುತ್ತವೆ. ಹೆಂಡತಿ ತೀರಿಹೋದ ವರ್ಷ ಮೂರು ನಡೆದವು.

೧. ಕಾಡಿನ ಚಿಂತೆ

ಅವಳು ಪಿಟೀಲು ಕಲಿಸುತ್ತಿದ್ದಳು. ತನ್ನ ಕಮಾನು ಶಿಷ್ಯೆಗೆ ಕೊಡಬೇಕು ಅಂತ ಹೇಳಿಹೋದಳು. ಶಿಷ್ಯೆ ವಿದೇಶಕ್ಕೆ ಹೊರಟಿದ್ದಳು. ಕಮಾನು ಬ್ರೆಜಿಲಿನ ಮರದ್ದು. ಆ ಮರ ಈಗ ಕಾಡಿನಲ್ಲಿ ಮುಗಿಯುತ್ತಾ ಬಂದಿದೆ. ಸರ್ಕಾರದ ಕಾಗದವಿಲ್ಲದೆ ವಿಮಾನ ಹತ್ತಿಸುವುದಿಲ್ಲ. ಕಾಗದ ಕೇಳಲು ಹೋದರೆ ಆಫೀಸಿನವರು ಕಮಾನನ್ನೇ ಇಟ್ಟುಕೊಂಡಾರು ಅಂತ ನನಗೆ ಹೆದರಿಕೆ.

ನಮ್ಮ ಕಾಸರಗೋಡಿನವರೇ ಆದ ವಕೀಲರು ಅಂಗಡಿಗೆ ಬಂದಾಗ ಕೇಳಿದೆ.

"ಒಂದು ಕೋಲಿಗೆ ಎಷ್ಟು ಮರ ಹಾಳು ಮಾರಾಯ್ರೆ! ಕಾಡು ಉಳಿಯುವುದು ಬೇಡವಾ?"

"ಹೊಸತು ನಾನೂ ಮಾಡುವುದಿಲ್ಲ. ಇದು ಹಳತು."

"ಹಾಗಾದರೆ ತಿರುವನಂತಪುರಕ್ಕೆ ಹೋಗಿ, ಪಟ್ಟಂನ ಸರ್ಕಾರಿ ಆಫೀಸಿನಲ್ಲಿ ಹಳತು ಅಂತ ಬರೆಸಿಕೊಳ್ಳಿ."

ಮೆಟ್ಟಿಲು ಇಳಿದವರು ತಿರುಗಿ ನಿಂತರು. "ಅಂದಹಾಗೆ, ಹೊಸ ಮನೆಯ ಬಾಗಿಲಿಗೆ ಬೀಟೆ ಮರ ಎಲ್ಲಿ ಸಿಕ್ಕೀತು?"

೨. ಬಸ್ಸಿನಲ್ಲಿ

ತಿರುವನಂತಪುರದ ಬಸ್ಸು. ಕಮಾನಿನ ಪೆಟ್ಟಿಗೆ ಮೇಲಿಡಲು ಧೈರ್ಯವಿಲ್ಲ. ಅದಕ್ಕೂ ಒಂದು ಟಿಕೆಟ್ ತೆಗೆದು ಪಕ್ಕದಲ್ಲಿ ಇಟ್ಟೆ. ಆಲಪ್ಪುಳದಲ್ಲಿ ಒಬ್ಬಳು ಅಜ್ಜಿ ಹತ್ತಿ, ಬೇರೆ ಸೀಟಿಲ್ಲದೆ ಪೆಟ್ಟಿಗೆಯ ಮುಂದೆ ನಿಂತಳು.

"ಅದಕ್ಕೆ ವಯಸ್ಸೆಷ್ಟು?"

"ನೂರರ ಹತ್ತಿರ."

"ನನಗೆ ಎಪ್ಪತ್ತು. ಹಿರಿಯರು ಕೂರಲಿ. ನಿನಗೆಷ್ಟು?"

ನಾನು ಎದ್ದೆ. ಕೊಲ್ಲಂವರೆಗೂ ನಿಂತೆ. ಅಜ್ಜಿ, ಪೆಟ್ಟಿಗೆ ಇಬ್ಬರೂ ಕೂತರು.

೩. ಆಫೀಸಿನಲ್ಲಿ

ಮೇಜಿನ ಹಿಂದೆ ಒಬ್ಬ ಎಳೆಯ ಆಫೀಸರು. ನನ್ನನ್ನು ಅಣ್ಣ ಅಂತಲೇ ಕರೆದರು.

"ಚೇಟ್ಟಾ, ಸ್ವಲ್ಪ ಹೆರೆದು ಕೊಡಿ. ಆ ಮರವಾದರೆ ಬಿಸಿನೀರಿಗೆ ಬಣ್ಣ ಬಿಡುತ್ತದೆ."

ಹೆಂಡತಿಯ ಬೆರಳು ಕೂರುತ್ತಿದ್ದ ಜಾಗ ಬಿಟ್ಟು, ತುದಿಯಲ್ಲಿ ಹೆರೆದೆ. ಹೆರೆದದ್ದನ್ನು ಬಿಸಿನೀರಿನ ಗ್ಲಾಸಿಗೆ ಹಾಕಿದೆ. ಗ್ಲಾಸಿನ ನೀರು ಗುಲಾಬಿಯಾಯಿತು.

"ಅದೇ ಮರ. ಹಳತು ಅನ್ನಲಿಕ್ಕೆ ರಸೀದಿ ಇದೆಯಾ?"

"ಇಲ್ಲ ಸಾರ್. ನನ್ನ ಹೆಂಡತಿಗೆ ಅವಳ ಗುರುಗಳು ಕೊಟ್ಟದ್ದು."

"ಹಾಗಾದರೆ ಕಮಾನು ಇಲ್ಲೇ ಇರಬೇಕಾಗುತ್ತದೆ." ಫಾರಂ ತರಲು ಒಳಗೆ ಹೋದರು.

ನಾನು ಕಮಾನನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಅಷ್ಟರಲ್ಲಿ ದೊಡ್ಡ ಆಫೀಸರು ಬಿಸಿಲಿನಿಂದ ಬಂದರು. ಇಲ್ಲಿನವರು ಪದಿಮುಗ ಅನ್ನುವ ಮರದ ಚಕ್ಕೆ ಹಾಕಿ ಕುದಿಸಿದ ನೀರು ಕುಡಿಯುತ್ತಾರೆ. ಅದೂ ಇದೇ ಬಣ್ಣ. ಅದೇ ಅಂದುಕೊಂಡು ಗ್ಲಾಸು ಎತ್ತಿದರು. ನಾನು "ಸಾರ್" ಅನ್ನುವಷ್ಟರಲ್ಲಿ ಪೂರ್ತಿ ಖಾಲಿ.

ಎಳೆಯವರು ಫಾರಂ ಹಿಡಿದು ಬಾಗಿಲಲ್ಲೇ ನಿಂತರು. "ಸಾರ್, ಅದು ಸಾಕ್ಷಿ! ಬ್ರೆಜಿಲಿನ ಮರ!"

ದೊಡ್ಡವರು ಗ್ಲಾಸು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮೀಸೆ ಒರೆಸಿಕೊಂಡು, ಪೆನ್ನು ತೆಗೆದು, ಗಂಭೀರವಾಗಿ ಹೇಳಿದರು:

"ಹಳೆಯ ಮರವೇ. ಹೊಸತಾಗಿದ್ದರೆ ಇಷ್ಟು ಚಪ್ಪೆ ಇರುತ್ತಿರಲಿಲ್ಲ."

ಕಾಗದಕ್ಕೆ ಹಳತು ಅಂತ ಬರೆದು ಸಹಿ ಹಾಕಿದರು.