ಒಂಟಿ ಉಳಿದ ಅಕ್ಕಿಕಾಳು

ಹೆಂಡತಿಯನ್ನು ತವರಿಗೆ ಓಡಿಸಿದ ಗಂಡಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ತತ್ತ್ವಶಾಸ್ತ್ರ ಹೇಳಿ ಓಡಿಸಿದವನು ಪುಂಜಾಲಕಟ್ಟೆಯಲ್ಲಿ ಶಾಲಾಮಾಸ್ಟ್ರಾಗಿರುವ ಧರ್ಣಪ್ಪನೆಂಬ ನಾನೊಬ್ಬನೇ ಇರಬೇಕು.

ಹೆಂಡತಿ ಪದ್ಮಾಕ್ಷಿಯ ತಂಗಿಯ ನಿಶ್ಚಿತಾರ್ಥಕ್ಕೆಂದು ಅವಳ ತವರು ಶಿರ್ತಾಡಿಗೆ ಹೊರಟಿದ್ದೆವು. ನಮ್ಮ ಕಣ್ಣೆದುರೇ ಬಸ್ಸು ಹೋಯಿತು.

“ತಪ್ಪಬೇಕೂಂತ ಹಣೆಯಲ್ಲಿ ಬರೆದಿತ್ತು, ತಪ್ಪಿತು,” ಎಂದಳು ಪದ್ಮಾಕ್ಷಿ.

“ಹಣೆಯಲ್ಲಿ ಎಂಥದ್ದೂ ಬರೆದಿರ್ಲಿಲ್ಲ ಮಾರಾಯ್ತಿ. ಆ ಹಣೆಗೆ ಕುಂಕುಮ ಇಡ್ಲಿಕ್ಕೆ ನೀನು ಅರ್ಧ ಗಂಟೆ ಮಾಡಿದೆ. ಎಲ್ಲ ಮನುಷ್ಯ ಪ್ರಯತ್ನ!”

“ಹೌದಾ? ಹಾಗಾದ್ರೆ ಈಗ ನನ್ನ ಪ್ರಯತ್ನದಲ್ಲೇ ಹೋಗ್ತೇನೆ. ವಾಪಸ್ ಬರುವುದು ದೈವ ಹೇಳಿದಾಗ. ನೀವು ಬರುವುದೇ ಬೇಡ.”

ಮುಂದಿನ ಬಸ್ಸಿಗೆ ಅವಳು ಹತ್ತಿದಳು. ನಾನು ಪುರುಷಪ್ರಯತ್ನವನ್ನು (ಜತೆಗೆ ಅವಳು ಮರೆತ ಕೊಡೆಯನ್ನೂ) ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಎರಡು ದಿನ ಸ್ವಾತಂತ್ರ್ಯೋತ್ಸವ. ಮೂರನೆಯ ದಿನ ಗಂಜಿ ತಳ ಹಿಡಿಯಿತು. ಅದೇನೂ ದೊಡ್ಡದಲ್ಲ, ಆದರೆ ಅದಕ್ಕೆ ಬೈಯಲು ಎದುರಿಗೆ ಯಾರೂ ಇರಲಿಲ್ಲ. “ಎಂಥ ಗಂಜಿ ಇದು!” ಎಂದು ನಾನೇ ಹೇಳಿ, “ಬೇಕಾದ್ರೆ ಉಣ್ಣಿ” ಎಂದು ನಾನೇ ಉತ್ತರಿಸಿದೆ. ಇಬ್ಬರ ಜಗಳವನ್ನು ಒಬ್ಬನೇ ಆಡುವುದು ಬಹಳ ಆಯಾಸದ ಕೆಲಸ. ಹತ್ತು ದಿನ ಕಳೆಯುವಷ್ಟರಲ್ಲಿ ಮನೆ ತಿನ್ನಲು ಬಂತು. ನನಗೆ ಅವಳು ಬೇಕಿತ್ತು. ಆದರೆ ಹೋಗಿ ಕರೆದರೆ ನಾನು ಸೋತ ಹಾಗೆ.

ಹನ್ನೊಂದನೆಯ ದಿನ ಬೆಳಗ್ಗೆ ಬಾಗಿಲು ಹಾಕಿಕೊಂಡು (ವಿಚಾರವಾದಿಗೆ ಮರ್ಯಾದೆ ಮುಖ್ಯ) ಅಕ್ಕಿ ಕೇಳಲು ಕೂತೆ. ನಮ್ಮಲ್ಲಿ ದೈವದ ಮುಂದೆ ಹಾಗೆ ಕೇಳುವ ಕ್ರಮ ಉಂಟು. ಒಂದು ಚಿಟಿಕೆ ಅಕ್ಕಿ ತೆಗೆದು ಕಾಳುಗಳನ್ನು ಎರಡೆರಡಾಗಿ ಜೋಡಿಸುವುದು. ಎಲ್ಲವೂ ಜೋಡಿಯಾದರೆ ಅಪ್ಪಣೆ; ಒಂಟಿ ಉಳಿದರೆ ಇಲ್ಲ. ನಾನು ಕೇಳಿದ್ದು, ಹೋಗಿ ಕರೆಯಬಹುದೇ ಎಂದು.

ಒಂಟಿ ಉಳಿಯಿತು. ಮತ್ತೊಂದು ಚಿಟಿಕೆ ತೆಗೆದೆ, ಒಂಟಿ. ಮೂರನೆಯದೂ ಒಂಟಿ. ನಾಲ್ಕನೆಯ ಸಲವೂ ಒಂದು ಬಡ ಕಾಳು ಬದಿಯಲ್ಲಿ ನನ್ನ ಹಾಗೆಯೇ ಕೂತಿತ್ತು. ನನಗೆ ತಡೆಯಲಾಗಲಿಲ್ಲ. ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಈಗ ಎಲ್ಲವೂ ಜೋಡಿ! ವಿಧಿಗೂ ಪ್ರಯತ್ನಕ್ಕೂ ರಾಜಿ ಮಾಡಿಸಿದ ಸಂತೋಷದಲ್ಲಿ ಆ ಅಕ್ಕಿಯನ್ನೇ ಗಂಜಿ ಬೇಯಿಸಿ ಉಂಡು, ಅವಳ ಕೊಡೆಯನ್ನು ಕಂಕುಳಲ್ಲಿಟ್ಟು ಶಿರ್ತಾಡಿಯ ಹಾದಿ ಹಿಡಿದೆ.

ಅತ್ತೆ ಸೇಸಮ್ಮ ಬೆಲ್ಲ, ನೀರು ಕೊಟ್ಟು ಒಳಗೆ ಹೋದರು. ಪದ್ಮಾಕ್ಷಿ ಬಾಗಿಲಲ್ಲೇ ನಿಂತಳು. ಸೊರಗಿದ್ದಳು.

“ನಿಮ್ಮ ಪ್ರಯತ್ನದಲ್ಲೇ ಬಂದ್ರಾ?”

“ಅಕ್ಕಿ ಕೇಳಿದೆ,” ಎಂದೆ, ನೆಲ ನೋಡುತ್ತ. “ಒಂಟಿ ಬಂತು. ಆದರೂ ಬಂದೆ.”

ಅವಳ ಮುಖ ಅರಳಿತು. ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಒಂದೇ ಒಂದು ಅಕ್ಕಿಕಾಳು ಇತ್ತು.

“ವಾಪಸ್ ಹೋಗಬಹುದಾಂತ ಬಂದ ದಿನವೇ ನಾನೂ ಕೇಳಿದ್ದೆ. ನನಗೂ ಒಂಟಿ. ಇದಕ್ಕೆ ಜೋಡಿ ಸಿಕ್ಕಿದ ದಿನ ಹೋಗ್ತೇನೆ ಅಂತ ದೈವಕ್ಕೆ ಹೇಳಿಟ್ಟಿದ್ದೇನೆ. ಚೀಲ ಕಟ್ಟಿಯೇ ಉಂಟು. ಕೊಡಿ ನಿಮ್ಮದನ್ನು.” ಕೈ ಚಾಚಿದಳು.

“ಅದನ್ನು... ತಿಂದೆ.”

“ತಿಂದ್ರಾ!”

“ಇನ್ನೂ ಮೂರಿತ್ತು. ಅವು ಗಂಜಿಗೆ ಹೋದವು.”

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

“ಇಲ್ಲೇ ಒಂದು ಚಿಟಿಕೆ ತಾ, ಎಣಿಸುವ,” ಎಂದೆ.

“ಇದು ಅಮ್ಮನ ಮನೆಯ ಅಕ್ಕಿ. ಜೋಡಿ ನಮ್ಮ ಮನೆಯದ್ದೇ ಆಗ್ಬೇಕು. ದೈವಕ್ಕೆ ಕೊಟ್ಟ ಮಾತು ಮಾರಾಯ್ರೆ. ಹೋಗಿ, ಒಂಟಿ ಉಳಿದದ್ದನ್ನು ತನ್ನಿ. ದಾರಿಯಲ್ಲಿ ತಿನ್ನಬೇಡಿ.” ಬಸ್ಸಿನವರೆಗೂ ಬಂದಳು. ಕೊಡೆಯನ್ನು ಮಾತ್ರ ಇಸ್ಕೊಂಡಳು.

ಮನೆಗೆ ಬಂದವನೇ ಕೈಕಾಲನ್ನೂ ತೊಳೆಯದೆ ಅಕ್ಕಿ ಕೇಳಲು ಕೂತೆ. ಮೊದಲ ಚಿಟಿಕೆ ಜೋಡಿ. ಎರಡನೆಯದೂ ಜೋಡಿ. ಆರನೆಯ ಚಿಟಿಕೆಯವರೆಗೂ ಕಾಳುಗಳೆಲ್ಲ ಎರಡೆರಡಾಗಿ ಸುಖವಾಗಿ ಕೂತವು. ಆ ಮನೆಯಲ್ಲಿ ಒಂಟಿ ಉಳಿದವನು ನಾನೊಬ್ಬನೇ.